ಮೊದಲ ಮಾಡೆಲ್ ಕಟ್ಟುವವರಿಗೆ ಒಂದು ಸಲಹೆ
ಮಷೀನ್ ಲರ್ನಿಂಗ್ ಈಗಷ್ಟೇ ಶುರು ಮಾಡಿದ್ದರೆ ನೇರವಾಗಿ ನ್ಯೂರಲ್ ನೆಟ್‌ವರ್ಕ್‌ನಂಥ ಸಂಕೀರ್ಣ ಮಾಡೆಲ್‌ಗೆ ಹೋಗಬೇಡಿ. ಸೈಕಿಟ್-ಲರ್ನ್ (ಪೈಥಾನ್‌ನ ಮಷೀನ್ ಲರ್ನಿಂಗ್ ಲೈಬ್ರರಿ) ಜೊತೆಗೇ ಬರುವ ಸ್ತನ ಕ್ಯಾನ್ಸರ್ ಡೇಟಾಸೆಟ್ ತೆಗೆದುಕೊಳ್ಳಿ. ಅದರಲ್ಲಿರುವ 569 ಸಾಲುಗಳಲ್ಲಿ 357 ಅಪಾಯವಿಲ್ಲದ ಗೆಡ್ಡೆಗಳು. ಅಂದ್ರೆ ಏನೂ ಕಲಿಯದೆ ಎಲ್ಲದಕ್ಕೂ ‘ಅಪಾಯವಿಲ್ಲ’ ಅಂದರೂ ಸುಮಾರು ಶೇ. 63 ಸರಿ ಬರುತ್ತದೆ! ನಿಮ್ಮ ಮಾಡೆಲ್ ಇದನ್ನಾದರೂ ದಾಟಬೇಕು ಅಲ್ವಾ? ಹಾಗಾಗಿ ಈ ಲೆಕ್ಕ ಮೊದಲು. ಆಮೇಲೆ ಲಾಜಿಸ್ಟಿಕ್ ರಿಗ್ರೆಷನ್ ಅನ್ನೋ, ಹೌದು-ಇಲ್ಲ ಅಂತ ವಿಂಗಡಿಸುವ ಸರಳ ಮಾಡೆಲ್, ಸದ್ಯಕ್ಕೆ ಅಷ್ಟು ಸಾಕು.

ಇನ್ನೊಂದು ವಿಷಯ, ಇದು ತುಂಬಾ ಮುಖ್ಯ. ಶೇ. 20ರಷ್ಟು ಡೇಟಾವನ್ನು ಟೆಸ್ಟ್‌ಗೆ ಅಂತ ಮೊದಲೇ ಎತ್ತಿಡಿ. ಸ್ಕೇಲಿಂಗ್‌ಗೆ (ಎಲ್ಲ ಅಂಕಣಗಳ ಸಂಖ್ಯೆಗಳನ್ನು ಒಂದೇ ಅಳತೆಗೆ ತರಲು) ಬೇಕಾದ ಸರಾಸರಿಯನ್ನು ಉಳಿದ ಟ್ರೈನಿಂಗ್ ಡೇಟಾದಿಂದ ಮಾತ್ರ ತೆಗೆಯಿರಿ. ಪೈಪ್‌ಲೈನ್ (ಸ್ಕೇಲಿಂಗ್, ಮಾಡೆಲ್ ಎರಡನ್ನೂ ಒಟ್ಟಿಗೆ ಜೋಡಿಸುವ ಸೌಲಭ್ಯ) ಬಳಸಿದರೆ ಇದು ತಾನಾಗಿಯೇ ಆಗುತ್ತದೆ. ಕೊನೆಗೆ ಬರೀ ಅಕ್ಯುರಸಿ (ಒಟ್ಟು ಶೇಕಡಾ ಎಷ್ಟು ಸರಿ) ನೋಡಿ ಖುಷಿಪಡಬೇಡಿ. ಕನ್ಫ್ಯೂಷನ್ ಮ್ಯಾಟ್ರಿಕ್ಸ್ (ಯಾವ ಬಗೆಯ ಊಹೆ ಎಷ್ಟು ಸರಿ, ಎಷ್ಟು ತಪ್ಪು ಅಂತ ತೋರಿಸುವ ಕೋಷ್ಟಕ) ತೆಗೆದು, ಎಷ್ಟು ಕ್ಯಾನ್ಸರ್ ಗೆಡ್ಡೆಗಳು ಮಾಡೆಲ್‌ನ ಕಣ್ಣು ತಪ್ಪಿಸಿದವು ಅಂತ ಎಣಿಸಿ.