ತರಗತಿಯಲ್ಲಿದ್ದುಕೊಂಡೇ ಸಮನ್ವಯ ಶಿಕ್ಷಣವನ್ನು ಆನ್‌ಲೈನ್‌ನಲ್ಲಿ ಕಲಿಯುವ ಬಗೆ

ನ್ಯೂನತೆಯುಳ್ಳ ಮಕ್ಕಳನ್ನು ಉಳಿದವರ ಜೊತೆಗೇ ಕೂರಿಸಿ ಕಲಿಸುವ ಸಮನ್ವಯ ಶಿಕ್ಷಣದ ಅಥವಾ ವಿಶೇಷ ಶಿಕ್ಷಣದ ಆನ್‌ಲೈನ್ ಕೋರ್ಸಿಗೆ ಹೆಸರು ನೋಂದಾಯಿಸುವ ಮೊದಲು ಶಿಕ್ಷಕರು ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು. ತಮ್ಮ ತರಗತಿಯಲ್ಲಿ ಈಗಾಗಲೇ ಕುಳಿತಿರುವ ಮಗುವಿಗೆ ಕಲಿಸುವ ತಿಳಿವಳಿಕೆ ಬೇಕೋ, ಅಥವಾ ಮುಂದೆ ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವ ಅರ್ಹತೆ ಬೇಕೋ ಎಂಬುದೇ ಆ ವಿಷಯ. ಇವೆರಡರ ದಾರಿ ಬೇರೆ, ಖರ್ಚು ಬೇರೆ, ಹಿಡಿಯುವ ಕಾಲವೂ ಬೇರೆ. ಈ ವ್ಯತ್ಯಾಸವನ್ನು ಗಮನಿಸದೆ ಹಣ ಕಟ್ಟಿದವರು ನಮ್ಮ ನಡುವೆ ಸಾಕಷ್ಟು ಜನರಿದ್ದಾರೆ. ಅವರಲ್ಲಿ ನಾನೂ ಒಬ್ಬಳು.

ಅರ್ಹತೆಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಭಾರತದಲ್ಲಿ ವಿಶೇಷ ಶಿಕ್ಷಕರ ವಿದ್ಯಾರ್ಹತೆಯನ್ನು ನಿಯಂತ್ರಿಸುವುದು 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. ಪರಿಷತ್ತು ಮಾನ್ಯ ಮಾಡಿದ ಡಿ.ಇಡಿ. ಅಥವಾ ಬಿ.ಇಡಿ. ವಿಶೇಷ ಶಿಕ್ಷಣ ಕೋರ್ಸನ್ನು ಮುಗಿಸಿ, ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಿಸಿಕೊಂಡವರು ಮಾತ್ರ ವಿಶೇಷ ಶಿಕ್ಷಕರಾಗಿ ಕೆಲಸ ಮಾಡಬಹುದು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ ಎಂದು ಅದೇ ಕಾಯ್ದೆ ಹೇಳುತ್ತದೆ. ಈ ಕೋರ್ಸುಗಳಲ್ಲಿ ಶಾಲೆಗೆ ಹೋಗಿ, ಮಕ್ಕಳ ಜೊತೆ ಕುಳಿತು ಮಾಡಬೇಕಾದ ಪ್ರಾಯೋಗಿಕ ಕೆಲಸಕ್ಕೆ ದೊಡ್ಡ ಪಾಲಿದೆ. ಆದ್ದರಿಂದ ಬರೀ ವಿಡಿಯೋ ನೋಡಿ ಪಡೆಯುವ ಪ್ರಮಾಣಪತ್ರದಿಂದ ಈ ನೋಂದಣಿ ಸಿಗುವುದಿಲ್ಲ. ದೂರಶಿಕ್ಷಣದ ಬಿ.ಇಡಿ. ಆದರೂ ಸಂಪರ್ಕ ತರಗತಿ ಮತ್ತು ಬೋಧನಾಭ್ಯಾಸ ತಪ್ಪುವುದಿಲ್ಲ.

ನಾನು ಹಣ ಕಟ್ಟಿದ್ದು ಆರು ತಿಂಗಳ ಒಂದು "ಆನ್‌ಲೈನ್ ಡಿಪ್ಲೊಮಾ"ಕ್ಕೆ. ಪ್ರಮಾಣಪತ್ರ ಅಂಚೆಯಲ್ಲಿ ಬಂತು, ಹೊಳೆಯುವ ಮುದ್ರೆಯೂ ಇತ್ತು, ಆದರೆ ಆರ್‌ಸಿಐ ಎಂಬ ಮೂರಕ್ಷರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅದರ ಪಾಠಗಳು ಪೂರ್ತಿ ಕೆಟ್ಟದಾಗಿದ್ದವು ಎಂದು ಹೇಳಲಾರೆ. ಅದನ್ನು ಏನೆಂದು ತಿಳಿದು ಕೊಂಡೆನೋ ಅದು ಅದಾಗಿರಲಿಲ್ಲ, ಅಷ್ಟೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಪರಿಷತ್ತಿನ ಜಾಲತಾಣದಲ್ಲಿರುವ ಮಾನ್ಯ ಸಂಸ್ಥೆಗಳ ಪಟ್ಟಿಯನ್ನು ತಾವೇ ತೆರೆದು ನೋಡಬೇಕು. ಸಂಸ್ಥೆಯ ಹೆಸರಿದ್ದರೆ ಸಾಲದು. ಮಾನ್ಯತೆ ನಿರ್ದಿಷ್ಟ ಅವಧಿಗೆ ಮಾತ್ರ ಸಿಗುವುದರಿಂದ ನೀವು ಸೇರುವ ಶೈಕ್ಷಣಿಕ ವರ್ಷ ಅದರೊಳಗೆ ಬರುತ್ತದೆಯೇ, ಮಾನ್ಯತೆ ಸಿಕ್ಕಿರುವುದು ನೀವು ಆರಿಸಿಕೊಂಡ ಕೋರ್ಸಿಗೇ ಮತ್ತು ನೀವು ಆರಿಸಿಕೊಂಡ ವಿಭಾಗಕ್ಕೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಅಸಾಮರ್ಥ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಇವೆಲ್ಲ ಬೇರೆ ಬೇರೆ ವಿಭಾಗಗಳು. ಬೋಧನಾಭ್ಯಾಸದ ಕೇಂದ್ರ ಯಾವ ಊರಿನಲ್ಲಿದೆ ಎಂದು ಫೋನಿನಲ್ಲಿ ಕೇಳಿನೋಡಿ. ಈ ಪ್ರಶ್ನೆಗೆ ತಡವರಿಸುವವರಿಂದ ದೂರವಿರುವುದು ಒಳ್ಳೆಯದು.

ಈಗ ಎರಡನೆಯ ದಾರಿ. ಸಾಮಾನ್ಯ ಶಾಲೆಯ ಬಹುಪಾಲು ಶಿಕ್ಷಕರಿಗೆ ಬೇಕಾಗಿರುವುದು ಇದೇ, ಮತ್ತು ಇದಕ್ಕೆ ಬಹುತೇಕ ಖರ್ಚಿಲ್ಲ. ಸರ್ಕಾರದ ದೀಕ್ಷಾ ಆನ್‌ಲೈನ್ ವೇದಿಕೆಯಲ್ಲಿರುವ, ಶಿಕ್ಷಕರಿಗೆಂದೇ ರೂಪಿಸಿದ ನಿಷ್ಠಾ ತರಬೇತಿಯ ಪ್ರಾಥಮಿಕ ಹಂತದ ಮೊದಲ ಮಾಡ್ಯೂಲೇ ಪಠ್ಯಕ್ರಮ ಮತ್ತು ಸಮನ್ವಯ ತರಗತಿಯನ್ನು ಕುರಿತದ್ದು. ನಮ್ಮಲ್ಲಿ ಅನೇಕರು ಅದನ್ನು 2020ರಲ್ಲಿ ಕೊನೆಯ ದಿನಾಂಕದ ಹಿಂದಿನ ರಾತ್ರಿ ವಿಡಿಯೋ ಓಡಿಸಿ ಮುಗಿಸಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದನ್ನೇ ಇನ್ನೊಮ್ಮೆ, ಈ ಸಲ ಪ್ರಮಾಣಪತ್ರದ ಗೊಡವೆಯಿಲ್ಲದೆ ನೋಡುವುದರಿಂದ ಆರಂಭಿಸಬಹುದು. ಕೇಂದ್ರ ಸರ್ಕಾರದ ಇನ್ನೊಂದು ಆನ್‌ಲೈನ್ ವೇದಿಕೆಯಾದ ಸ್ವಯಂನ ಕೋರ್ಸುಗಳನ್ನು ಉಚಿತವಾಗಿ ಕಲಿಯಬಹುದು, ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿದರೆ ಸಾಕು. ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದ, ಪ್ರಶ್ನಾವಳಿಯ ರೂಪದ ಪ್ರಶಸ್ತ್ ಆ್ಯಪ್ ಕೋರ್ಸ್ ಅಲ್ಲದಿದ್ದರೂ ಕಲಿಯುವ ಶಿಕ್ಷಕರಿಗೆ ಒಳ್ಳೆಯ ಪಠ್ಯವೇ ಸರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಬಗೆಯ ನ್ಯೂನತೆಗಳನ್ನು ತರಗತಿಯಲ್ಲಿ ಕಣ್ಣಿಗೆ ಬೀಳುವ ಲಕ್ಷಣಗಳ ಮೂಲಕ ಹೇಗೆ ಗಮನಿಸಬೇಕೆಂದು ಅದರ ಪ್ರಶ್ನೆಗಳೇ ಕಲಿಸುತ್ತವೆ. ಅದರ ಮೊದಲ ಭಾಗವನ್ನು ತುಂಬುವವರು ತರಗತಿ ಶಿಕ್ಷಕರು, ಎರಡನೆಯದನ್ನು ವಿಶೇಷ ಶಿಕ್ಷಕರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಎರಡು ಮಾಡ್ಯೂಲ್ ಓದುತ್ತಿದ್ದಂತೆ ತರಗತಿಯ ಅರ್ಧ ಮಕ್ಕಳಲ್ಲಿ ಏನಾದರೊಂದು ನ್ಯೂನತೆ ಕಾಣತೊಡಗುವುದು ಎಲ್ಲರಿಗೂ ಆಗುವ ಅನುಭವ. ಗಮನಿಸುವುದು ಮತ್ತು ಬರೆದಿಡುವುದು ನಮ್ಮ ಕೆಲಸ. ಹೆಸರಿಡುವುದು ನಮ್ಮ ಕೆಲಸವಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಮಗುವಿಗೆ ಎಂಟು ವರ್ಷ ತುಂಬುವ ಮೊದಲು ಕೊಡದಿರುವುದಕ್ಕೂ ಕಾರಣವಿದೆ. ಅದಕ್ಕಿಂತ ಮುಂಚೆ ಕಾಣುವ ಓದಿನ ತೊಡಕು ನಿಧಾನದ ಕಲಿಕೆಯಿಂದಲೋ, ಗೈರುಹಾಜರಿಯಿಂದಲೋ, ಮನೆಮಾತು ಬೇರೆಯಾಗಿರುವುದರಿಂದಲೋ ಬಂದಿರಬಹುದು.

ಓದುವ ಕ್ರಮದ ಬಗ್ಗೆ ನಾನು ಒತ್ತಿ ಹೇಳುವುದು ಇಷ್ಟು: ಕೋರ್ಸನ್ನು ಒಂದು ಮಗುವನ್ನು ಎದುರಿಗಿಟ್ಟುಕೊಂಡು ಓದಬೇಕು. ನಿಮ್ಮ ತರಗತಿಯಿಂದ ಒಂದೇ ಮಗುವನ್ನು ಆರಿಸಿಕೊಂಡು ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ಪಾಠದ ಟಿಪ್ಪಣಿ, ಬಲಪುಟದಲ್ಲಿ ಮರುದಿನ ಆ ಮಗುವಿನ ಜೊತೆ ಮಾಡಿ ನೋಡಿದ್ದರ ದಾಖಲೆ. ಬಲಪುಟ ಖಾಲಿ ಉಳಿದರೆ ಮುಂದಿನ ಪಾಠ ತೆರೆಯಬಾರದು. ಹೀಗೆ ಮಾಡಿದರೆ ಒಂದು ತಿಂಗಳ ಕೋರ್ಸಿಗೆ ಮೂರು ತಿಂಗಳು ಹಿಡಿಯುತ್ತದೆ, ಹಿಡಿಯಲಿ.

ಈ ಬಲಪುಟ ಏಕೆ ಬೇಕೆಂದರೆ ಆನ್‌ಲೈನ್ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನಲ್ಲಿ ಯೋಚಿಸಿ ಬರೆದವು. ಡಿಸ್ಲೆಕ್ಸಿಯಾ, ಅಂದರೆ ಓದುವುದನ್ನು ಕಷ್ಟವಾಗಿಸುವ ಕಲಿಕಾ ನ್ಯೂನತೆ ಎಂದೊಡನೆ ಅವು ಇಂಗ್ಲಿಷಿನ ಬಿ ಮತ್ತು ಡಿ ಅಕ್ಷರಗಳು ತಿರುವುಮುರುವಾಗುವ ಉದಾಹರಣೆ ಕೊಡುತ್ತವೆ. ಕನ್ನಡ ಓದುವ ಮಗು ಎಡವುವ ಜಾಗಗಳು ಬೇರೆ: ದ, ಧ ಮತ್ತು ಥ, ಪ, ಷ ಮತ್ತು ಫ, ಬ ಮತ್ತು ಭ, ಕೊಂಬು, ಕೊಂಬಿನಿಳಿ, ಎಲ್ಲಕ್ಕಿಂತ ಹೆಚ್ಚಾಗಿ ಒತ್ತಕ್ಷರ. ಇಂಗ್ಲಿಷ್ ಮಗು 26 ಅಕ್ಷರಗಳ ರೂಪ ಕಲಿಯುವಾಗ ನಮ್ಮ ಮಗು ನಾನೂರಕ್ಕೂ ಹೆಚ್ಚು ಗುಣಿತಾಕ್ಷರಗಳನ್ನು, ಅವುಗಳ ಮೇಲೆ ಒತ್ತುಗಳನ್ನು ಗುರುತಿಸಬೇಕು. ಹಾಗಾಗಿ ನಾಲ್ಕನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪುವುದೊಂದೇ ನ್ಯೂನತೆಯ ಲಕ್ಷಣವಾಗಲಾರದು. ನಾನು ಗಮನಿಸುತ್ತಿದ್ದ ಹುಡುಗ "ಸೂರ್ಯ" ಎಂಬುದನ್ನು ಪ್ರತಿ ಸಲವೂ "ಸೂಯ್ರ" ಎಂದೇ ಓದುತ್ತಿದ್ದ. ಒಂದು ವಾರ ಅದನ್ನು ಅಜಾಗರೂಕತೆ ಎಂದುಕೊಂಡೆ. ಪದವನ್ನು ಕಾರ್ಡಿನಲ್ಲಿ ದೊಡ್ಡದಾಗಿ ಬರೆದು, ಅವನು ಓದುವಾಗ ಬೆರಳು ಎಲ್ಲಿ ನಿಲ್ಲುತ್ತದೆಂದು ನೋಡಿದಾಗ ವಿಷಯ ಹೊಳೆಯಿತು: ಅರ್ಕಾವೊತ್ತು ಕಣ್ಣಿಗೆ ಬೀಳುವುದು ಯಕಾರದ ನಂತರ, ನಾಲಿಗೆಗೆ ಬರಬೇಕಾದದ್ದು ಅದಕ್ಕಿಂತ ಮೊದಲು. ಹುಡುಗ ಕಂಡ ಕ್ರಮದಲ್ಲೇ ಓದುತ್ತಿದ್ದ. ಅರ್ಕಾವೊತ್ತಿಗೆ ಕೆಂಪು ಬಣ್ಣ ಹಚ್ಚಿ, ಅದರಿಂದ ಹಿಂದಿನ ಅಕ್ಷರದ ತಲೆಯ ಮೇಲೆ ಬಾಣ ಎಳೆದು, ಸೂರ್ಯ, ಕಾರ್ಯ, ವರ್ಷ, ಹರ್ಷ ಎಂದು ಹತ್ತು ಕಾರ್ಡು ಮಾಡಿದೆ. ಇಂಥದ್ದು ಯಾವ ಮಾಡ್ಯೂಲಿನಲ್ಲೂ ಇರಲಿಲ್ಲ. ಆದರೆ ತಪ್ಪನ್ನು ಎಣಿಸುವ ಬದಲು ತಪ್ಪಿನ ಬಗೆಯನ್ನು ನೋಡಬೇಕೆಂದು ಹೇಳಿಕೊಟ್ಟದ್ದು ಮಾಡ್ಯೂಲೇ.

ವರ್ತನೆಯ ಪಾಠಗಳಲ್ಲಿ ಬರುವ ಒಂದು ಸರಳ ವಿಧಾನವನ್ನು ಮೊದಲ ವಾರದಲ್ಲೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಪುಟವನ್ನು ಮೂರು ಕಾಲಂ ಮಾಡಿ, ವರ್ತನೆಗೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂಬುದನ್ನು ಅಭಿಪ್ರಾಯ ಬೆರೆಸದೆ ಬರೆಯುವುದೇ ಆ ವಿಧಾನ. ಸ್ವಲೀನತೆಯ (ಆಟಿಸಂ) ಲಕ್ಷಣಗಳಿದ್ದ ಒಂದು ಮಗು ದಿನವೂ ಹನ್ನೊಂದೂವರೆಯ ಸುಮಾರಿಗೆ ತರಗತಿಯಿಂದ ಹೊರಗೆ ಓಡುತ್ತಿತ್ತು. "ಗಣಿತದ ಪಾಠವೆಂದರೆ ಓಡುತ್ತದೆ" ಎಂದು ನಾವೆಲ್ಲ ನಂಬಿದ್ದೆವು. ಆರು ದಿನದ ದಾಖಲೆಯಲ್ಲಿ ಮೊದಲ ಕಾಲಂನಲ್ಲಿ ಮತ್ತೆ ಮತ್ತೆ ಬಂದದ್ದು ಗಣಿತವಲ್ಲ, ಬಿಸಿಯೂಟದ ಕೋಣೆಯ ಕುಕ್ಕರಿನ ಸೀಟಿ. ತಾಯಿಯನ್ನು ಕೇಳಿದಾಗ "ಹೌದು ಮಿಸ್, ಮನೇಲೂ ಕುಕ್ಕರ್ ಕೂಗಿದ್ರೆ ಹಿತ್ತಲಿಗೆ ಓಡ್ತಾನೆ" ಎಂದರು. ಮಗುವಿನ ಜಾಗವನ್ನು ಅಡುಗೆಕೋಣೆಗೆ ದೂರದ ಮೂಲೆಗೆ ಬದಲಿಸಿ, ಸೀಟಿ ಕೂಗುವ ಮುಂಚೆ ತಿಳಿಸುವಂತೆ ಅಡುಗೆಯವರನ್ನು ಕೇಳಿಕೊಂಡೆವು. ಓಟ ಪೂರ್ತಿ ನಿಲ್ಲಲಿಲ್ಲವಾದರೂ ವಾರಕ್ಕೆ ಒಂದೆರಡಕ್ಕೆ ಇಳಿಯಿತು.

ಕೆಲಸವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆಯುವ ಪಾಠಕ್ಕೂ ಬಿಸಿಯೂಟವೇ ಒಳ್ಳೆಯ ಪ್ರಯೋಗಶಾಲೆ. ತಟ್ಟೆ ತೊಳೆದಿಡುವುದನ್ನು ಎಂಟು ಹೆಜ್ಜೆ ಮಾಡಿ, ಮೊದಲ ಏಳನ್ನು ಮಗುವಿನ ಕೈ ಹಿಡಿದು ಮಾಡಿಸಿ, ಕೊನೆಯದನ್ನು, ಅಂದರೆ ತಟ್ಟೆಯನ್ನು ಜೋಡಿಸಿಡುವುದನ್ನು ಮಾತ್ರ ಅದಕ್ಕೇ ಬಿಡಬೇಕು. ಅದು ಬಂದ ಮೇಲೆ ಏಳನೆಯದು, ಆಮೇಲೆ ಆರನೆಯದು. ಹಿಂದಿನಿಂದ ಮುಂದಕ್ಕೆ ಬರುವುದರಿಂದ ಪ್ರತಿ ದಿನವೂ ಕೆಲಸ ಮುಗಿಸಿದ ಖುಷಿ ಮಗುವಿನದ್ದೇ ಆಗಿರುತ್ತದೆ.

ಎಲ್ಲರಿಗೂ ಹೊಂದುವ ಕಲಿಕಾ ವಿನ್ಯಾಸದ ಪಾಠ ಓದುವಾಗ ಹೊಸ ಪದಗಳ ರಾಶಿಗೆ ಅಂಜಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಕಲಿಸಿದವರಿಗೆ ಅದರ ತಿರುಳು ಹೊಸದಲ್ಲ. ಕಲಿಕಾ ಏಣಿ, ಮೈಲಿಗಲ್ಲು, ಶಿಕ್ಷಕರ ಬೆಂಬಲದ ತಟ್ಟೆ, ಸಹಪಾಠಿ ಬೆಂಬಲದ ತಟ್ಟೆ (ಇಲ್ಲಿ ತಟ್ಟೆಯೆಂದರೆ ಮಕ್ಕಳು ಕೂರುವ ಗುಂಪು), ಇವೆಲ್ಲ ಮಗು ತನ್ನ ವೇಗದಲ್ಲಿ ಕಲಿಯಲೆಂದೇ ಇರುವವು. ನಾಲ್ಕನೆಯ ತರಗತಿಗೆ ಬಂದೊಡನೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಒಂದೇ ಪುಟ ತೆರೆಸುತ್ತೇವಲ್ಲ, ತೊಡಕು ಶುರುವಾಗುವುದು ಅಲ್ಲಿಂದ.

ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ ಬರೆಯುವುದನ್ನು ಕೋರ್ಸು ಮುಗಿಯುವ ಮೊದಲೇ ಒಮ್ಮೆಯಾದರೂ ಮಾಡಬೇಕು. "ಓದುವ ಸಾಮರ್ಥ್ಯ ಸುಧಾರಿಸುವುದು" ಎಂದು ಬರೆದರೆ ಅದು ಗುರಿಯಲ್ಲ, ಹಾರೈಕೆ. "ಡಿಸೆಂಬರ್ ಕೊನೆಯೊಳಗೆ, ಒತ್ತಕ್ಷರವಿಲ್ಲದ ಮೂರಕ್ಷರದ ಹತ್ತು ಪದಗಳಲ್ಲಿ ಎಂಟನ್ನು ನೆರವಿಲ್ಲದೆ ಓದುವುದು" ಎಂದು ಬರೆದರೆ ಡಿಸೆಂಬರ್‌ನಲ್ಲಿ ಆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಬಹುದು. ಈ ಕರಡನ್ನು ನಿಮ್ಮ ತಾಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಗೆ (ಬಿಐಇಆರ್‌ಟಿ) ತೋರಿಸಿ. ಅವರು ಹಲವು ಶಾಲೆಗಳನ್ನೂ ಗೃಹಾಧಾರಿತ ಶಿಕ್ಷಣದ ಮಕ್ಕಳನ್ನೂ ಸುತ್ತುವವರಾದ್ದರಿಂದ ಬರುವ ದಿನವನ್ನು ಮೊದಲೇ ಕೇಳಿಕೊಂಡು, ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿರಬೇಕು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ, ಮುಂದಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಅನುಪಾತವನ್ನು ಸುಪ್ರೀಂ ಕೋರ್ಟ್ 2021ರ ತೀರ್ಪಿನಲ್ಲಿ ಹೇಳಿದೆ. ಅದು ಶಾಲೆಯ ಬಾಗಿಲಿಗೆ ಬರುವವರೆಗೆ ತಿಂಗಳಿಗೊಮ್ಮೆ ಸಿಗುವ ಅರ್ಧ ಗಂಟೆಯನ್ನೇ ಚೆನ್ನಾಗಿ ಬಳಸಿಕೊಳ್ಳಬೇಕಾಗುತ್ತದೆ.

ತಾಂತ್ರಿಕ ಸಿದ್ಧತೆ ಹೆಚ್ಚೇನಿಲ್ಲ. ನೆಟ್‌ವರ್ಕ್ ಇರುವ ಕಡೆ ದೀಕ್ಷಾ ಆ್ಯಪ್‌ನಲ್ಲಿ ಸಾಮಗ್ರಿಯನ್ನು ಡೌನ್‌ಲೋಡ್ ಮಾಡಿಕೊಂಡರೆ ಊರಿನಲ್ಲಿ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ಆದರೆ ಒಂದು ವಿಷಯವನ್ನು ಪ್ರತಿಯೊಬ್ಬ ಕನ್ನಡ ಶಿಕ್ಷಕರೂ ಕಲಿಯಲೇಬೇಕು: ದೃಷ್ಟಿದೋಷವುಳ್ಳ ಮಕ್ಕಳಿಗೆ ಕೊಡುವ ಕಡತ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಕನ್ನಡವನ್ನು ಕನ್ನಡವಾಗಿಯೇ ಗುರುತಿಸುವ ಅಕ್ಷರ ಸಂಕೇತದಲ್ಲಿರಬೇಕು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಕಣ್ಣಿಗೆ ಕನ್ನಡವಾಗಿ ಕಂಡರೂ ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಆದ್ದರಿಂದ ತೆರೆ ಓದುವ ತಂತ್ರಾಂಶ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಅಂಥದ್ದೇ, ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡು, ನಿಮ್ಮದೇ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕಣ್ಣು ಮುಚ್ಚಿ ಕೇಳಿ ನೋಡಿ.

ಆನ್‌ಲೈನ್‌ನಲ್ಲಿ ಬಾರದ ವಿದ್ಯೆಗಳೂ ಇವೆ. ಬ್ರೈಲ್‌ನಲ್ಲಿ ಅ ಒಂದನೆಯ ಚುಕ್ಕೆ, ಕ ಒಂದು ಮತ್ತು ಮೂರನೆಯ ಚುಕ್ಕೆ ಎಂದು ತೆರೆಯಲ್ಲಿ ನೋಡಿ ಬಾಯಿಪಾಠ ಮಾಡಬಹುದು, ಬೆರಳಿಗೆ ಅದು ದಕ್ಕುವುದು ಕಾಗದದ ಮೇಲೆ ಮಾತ್ರ. ಭಾರತೀಯ ಸಂಜ್ಞಾ ಭಾಷೆಗೆ ದೆಹಲಿಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟು ಇದೆ. ಆದರೂ ಕಿವುಡ ವ್ಯಕ್ತಿಗಳ ಜೊತೆ ಕುಳಿತು ಮಾತಾಡದೆ ಅದು ಭಾಷೆಯಾಗಿ ಬರುವುದಿಲ್ಲ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಯ ಚಲನೆ ಕಷ್ಟವಾಗುವ ಸ್ಥಿತಿ ಇರುವ ಮಗುವನ್ನು ಎತ್ತುವುದು, ಕೂರಿಸುವುದನ್ನಂತೂ ವಿಡಿಯೋ ನೋಡಿ ಪ್ರಯೋಗಿಸಲೇಬಾರದು, ಫಿಸಿಯೋಥೆರಪಿಸ್ಟ್ ಕೈ ಹಿಡಿದು ತೋರಿಸಿದ ಮೇಲೆಯೇ ಮಾಡಬೇಕು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರ, ಇವುಗಳಲ್ಲಿ ನಿಮಗೆ ಹತ್ತಿರದ್ದು ಯಾವುದೋ ಅಲ್ಲಿಗೆ ರಜೆಯಲ್ಲಿ ಒಮ್ಮೆ ಹೋಗಿ ಬರಬೇಕು.

ಅಸೈನ್‌ಮೆಂಟಿಗಾಗಿ ಮಗುವಿನ ವಿಡಿಯೋ ತೆಗೆಯಬೇಕಾದರೆ ಪೋಷಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮುಖ ಕಾಣದಂತೆ, ಕೈ ಮತ್ತು ಪುಸ್ತಕ ಮಾತ್ರ ಕಾಣುವಂತೆ ತೆಗೆದರೆ ಬಹುತೇಕ ಎಲ್ಲ ಅಸೈನ್‌ಮೆಂಟಿಗೂ ಸಾಕಾಗುತ್ತದೆ. ಶಿಕ್ಷಕರ ವಾಟ್ಸಾಪ್ ಗುಂಪಿಗೆ ಆ ವಿಡಿಯೋ ಹೋಗಬಾರದು, "ಎಷ್ಟು ಚೆನ್ನಾಗಿ ಓದ್ತಾನೆ ನೋಡಿ" ಎಂಬ ಹೆಮ್ಮೆಯಲ್ಲೂ ಹೋಗಬಾರದು.

ಬೇಸಿಗೆ ರಜೆಗೆ ಮುನ್ನ ಆ ನೋಟ್‌ಬುಕ್ಕನ್ನೂ ಐಇಪಿಯ ಪ್ರತಿಯನ್ನೂ ಮುಂದಿನ ತರಗತಿಯ ಶಿಕ್ಷಕರ ಕೈಗೆ ಕೊಟ್ಟು, ಅರ್ಧ ಗಂಟೆ ಜೊತೆಗೆ ಕುಳಿತು ಬಲಪುಟಗಳನ್ನು ಓದಿ ಹೇಳಿ. ನನ್ನ ಹುಡುಗನ ನೋಟ್‌ಬುಕ್ಕಿನ ಜೊತೆಗೆ ಅರ್ಕಾವೊತ್ತಿನ ಹತ್ತು ಕಾರ್ಡುಗಳನ್ನೂ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. ಜೂನ್‌ನಲ್ಲಿ ಅವು ಇಪ್ಪತ್ತಾರಾಗಿದ್ದವು.