ಹಲ್ಲು ತೆಗೆಸಿದ ಮೇಲೆ ಏನು ತಿನ್ನೋದು? ಒಗ್ಗರಣೆ ಇಲ್ಲದ ಹತ್ತು ದಿನ

ಎಂಟು ತಿಂಗಳ ಅಂತರದಲ್ಲಿ ನನ್ನ ಎರಡು ಬುದ್ಧಿ ಹಲ್ಲು ತೆಗೆಸಿದೆ. ಎರಡೂ ಕೆಳಗಿನ ದವಡೆಯವು, ಬಲಕ್ಕೊಂದು ಎಡಕ್ಕೊಂದು. ಅಡ್ಡ ಬೆಳೆದಿದ್ದರಿಂದ ವಸಡು ಕೊಯ್ದು, ಹಲ್ಲನ್ನು ತುಂಡು ಮಾಡಿ ತೆಗೆದು ಹೊಲಿಗೆ ಹಾಕಬೇಕಾಯಿತು. ಮೊದಲ ಸಲ ಹದಿನೈದು ದಿನ ನರಳಿದೆ. ಎರಡನೇ ಸಲ ಐದನೇ ದಿನವೇ ಶಾಲೆಗೆ ಹೋಗಿ ಪಾಠ ಮಾಡಿದೆ. ಡಾಕ್ಟರು ಅವರೇ, ಮಾತ್ರೆಗಳೂ ಅವೇ. ಆದರೆ ಎರಡನೇ ಸಲ ಹೇಗೆ ತಿನ್ನಬೇಕು ಅಂತ ನನಗೆ ಗೊತ್ತಿತ್ತು.

ಮೊದಲ ಸಲ ಬೆಂಗಳೂರಿನಲ್ಲಿ ಹಲ್ಲು ತೆಗೆಸಿ ಅದೇ ಸಂಜೆ ಮಂಡ್ಯಕ್ಕೆ ವಾಪಸ್ ಬರುತ್ತಿದ್ದೆವು. ಮದ್ದೂರಿನಲ್ಲಿ ಕಾರು ನಿಲ್ಲಿಸಿ ನಮ್ಮನೆಯವರು ಎಳನೀರು ಕೊಡಿಸಿದರು. ತಂಪು, ಅಗಿಯೋ ಕೆಲಸ ಇಲ್ಲ, ಒಳ್ಳೇದೇ ಅಲ್ವಾ ಅಂದುಕೊಂಡು ಸ್ಟ್ರಾ ಹಾಕಿ ಹೀರಿದೆ. ಎಳನೀರು ಒಳ್ಳೇದೇ, ಹೀರಿದ್ದು ತಪ್ಪು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತದೆ. ಗಾಯಕ್ಕೆ ಅದೇ ಮುಚ್ಚಳ. ಕೆಳಗಿನ ಮೂಳೆಯನ್ನೂ ನರವನ್ನೂ ಕಾಯೋದು ಅದೇ. ಹೀರಿದರೆ, ಜೋರಾಗಿ ಉಗಿದರೆ, ರಭಸವಾಗಿ ಬಾಯಿ ಮುಕ್ಕಳಿಸಿದರೆ ಅದು ಕಿತ್ತು ಬರಬಹುದು. ನನಗೆ ಮೂರನೇ ದಿನ ಬೆಳಗಿನ ಜಾವ ಕಿವಿಯವರೆಗೂ ನೋವು ಹತ್ತಿತು. ಬಾಯಲ್ಲಿ ಕೆಟ್ಟ ವಾಸನೆ. ಡಾಕ್ಟರು ನೋಡಿ ಡ್ರೈ ಸಾಕೆಟ್, ಅಂದರೆ ಹೆಪ್ಪು ಹೋಗಿ ಗುಳಿ ಬರಿದಾಗಿದೆ ಅಂದರು. ಗುಳಿ ತೊಳೆದು, ಲವಂಗದ ವಾಸನೆಯ ಔಷಧಿ ಇಟ್ಟರು. ಅದನ್ನು ಬದಲಾಯಿಸಿಕೊಳ್ಳೋಕೆ ಇನ್ನೂ ಎರಡು ಸಲ ಹೋಗಬೇಕಾಯಿತು. ಕೆಳಗಿನ ಬುದ್ಧಿ ಹಲ್ಲು ತೆಗೆಸಿದವರಿಗೆ ಈ ತೊಂದರೆ ಜಾಸ್ತಿಯಂತೆ. ಸ್ಟ್ರಾ ಒಂದೇ ಕಾರಣ ಅಂತ ಡಾಕ್ಟರೂ ಹೇಳಲಿಲ್ಲ. ಆದರೆ ಅವರು ಬೇಡ ಅಂದಿದ್ದ ಪಟ್ಟಿಯಲ್ಲಿ ಅದೇ ಮೊದಲಿತ್ತು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹಾಗಾಗಿ ಮೊದಲ 24 ಗಂಟೆ ಆ ಹೆಪ್ಪನ್ನು ಕಾಪಾಡೋದೇ ಮುಖ್ಯ. ಕಚ್ಚಿ ಹಿಡಿಯೋಕೆ ಕೊಟ್ಟ ಹತ್ತಿಯನ್ನು ಅವರು ಹೇಳಿದಷ್ಟು ಹೊತ್ತು ಬಿಡಬೇಡಿ. ಇಂಜೆಕ್ಷನ್ನಿಂದ ತುಟಿ, ಕೆನ್ನೆ ಮರಗಟ್ಟಿರುತ್ತದಲ್ಲ, ಅದು ಬಿಡೋಕೆ ಎರಡು ಮೂರು ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಅಲ್ಲಿವರೆಗೆ ಏನೂ ಅಗಿಯೋಕೆ ಹೋಗಬೇಡಿ. ತುಟಿ ಕಚ್ಚಿಕೊಂಡರೂ ಗೊತ್ತಾಗಲ್ಲ, ನಾಲಿಗೆ ಸುಟ್ಟರೂ ಗೊತ್ತಾಗಲ್ಲ. ಆಮೇಲೆ ತಣ್ಣಗಿನದು, ನೀರಾಗಿರೋದು ಏನು ಬೇಕಾದರೂ ಆಗಬಹುದು. ತಣ್ಣನೆ ಹಾಲು, ಹುಳಿಯಿಲ್ಲದ ಮಜ್ಜಿಗೆ, ಗೋಡಂಬಿ ಚೂರು ಇಲ್ಲದ ಐಸ್‌ಕ್ರೀಮು, ಲೋಟಕ್ಕೆ ಬಗ್ಗಿಸಿದ ಎಳನೀರು. ಬಿಸಿ ಕಾಫಿ ಬೇಡ. ನನಗೆ ಕಾಫಿ ಬಿಟ್ಟರೆ ತಲೆನೋವು ಬರುತ್ತೆ, ಅದಕ್ಕೆ ಎರಡನೇ ಸಲ ಡಿಕಾಕ್ಷನ್ ಆರಿಸಿ ತಣ್ಣನೆ ಹಾಲಿಗೆ ಹಾಕಿ ಕುಡಿದೆ. ಎಲೆ ಅಡಿಕೆ, ಸಿಗರೇಟು, ಗುಟ್ಕಾ ಅಭ್ಯಾಸ ಇದ್ದವರು ಗಾಯ ಮಾಯೋವರೆಗೆ ದಯವಿಟ್ಟು ಬಿಡಿ. ಒಂದು ದಿನಕ್ಕಲ್ಲ, ಡಾಕ್ಟರು ಸರಿ ಅನ್ನೋವರೆಗೆ.

ಇನ್ನೊಂದು ವಿಷಯ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬಾರದು. ನೋವು, ಊಟ ಬೇಡ ಅಂತ ಮಲಗಿದರೆ ರಾತ್ರಿ ಹೊಟ್ಟೆ ಉರಿದು ಏಳಬೇಕಾಗುತ್ತೆ. ಮೊದಲ ಸಂಜೆಯೇ ಒಂದು ಲೋಟ ಗಂಜಿ ಒಳಗೆ ಹೋಗಬೇಕು.

ನಮ್ಮತ್ತೆ ಮೊಮ್ಮಗಳಿಗೆ ಅಂತ ಮಾಡಿಟ್ಟಿದ್ದ ರಾಗಿ ಸರಿ ಹಿಟ್ಟಲ್ಲೇ ನನಗೂ ಗಂಜಿ ಕಾಸಿದರು. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹುರಿದು ಬೀಸಿದ ಹಿಟ್ಟು ಅದು. ಆಮೇಲೆ ಹಳೇ ಬಿಳಿ ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಬೆರಳಲ್ಲಿ ಉಜ್ಜಿದರೆ ಪೌಡರ್ ಥರ ಜಾರುತ್ತೆ, ಒಂದು ತರಿಯೂ ಸಿಗಲ್ಲ. ಹುಣ್ಣಾದ ಬಾಯಿಗೆ ಬೇಕಾಗಿರೋದು ಅದೇ. ಅದಿಲ್ಲದಿದ್ದರೆ ಮಾಮೂಲಿ ರಾಗಿ ಹಿಟ್ಟನ್ನೇ ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಆಡಿಸಿ. ಎರಡು ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿಕೊಳ್ಳಿ. ಒಂದೂವರೆ ಲೋಟ ನೀರು ಕುದಿಯುವಾಗ ಅದನ್ನು ಸುರಿದು, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈ ಬಿಡದೆ ತಿರುಗಿಸಿ. ಹಸಿ ವಾಸನೆ ಹೋಗಿ ಮೇಲೆ ಹೊಳಪು ಬಂದರೆ ಬೆಂದಿದೆ ಅಂತ. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು ಹಾಕಿ. ಹಾಲು ಬೆಲ್ಲ ಇಷ್ಟ ಇದ್ದವರು ಬೆಲ್ಲ ಕರಗಿಸಿ ಸೋಸಿ ಹಾಕಿ, ಮಣ್ಣು ಕಸ ಇರುತ್ತೆ.

ಎರಡು ಮೂರನೇ ದಿನ ಊತ ಜಾಸ್ತಿಯಾಗುತ್ತೆ. ಹೆದರಬೇಡಿ, ಆಮೇಲೆ ಇಳಿಯುತ್ತೆ. ನನಗೆ ಬಾಯಿ ಎರಡು ಬೆರಳಗಲ ಕೂಡ ಬಿಡೋಕೆ ಆಗುತ್ತಿರಲಿಲ್ಲ, ಮಗಳ ಚಿಕ್ಕ ಚಮಚದಲ್ಲೇ ತಿಂದೆ. ಆಗ ಮೊಸರನ್ನ ಒಳ್ಳೇದು. ಒಂದು ಪಾವು ಅಕ್ಕಿಗೆ ಐದು ಪಾವು ನೀರಿಟ್ಟು ಮುದ್ದೆಯಾಗೋ ಹಾಗೆ ಬೇಯಿಸಿ. ಬಿಸಿ ಇದ್ದಾಗಲೇ ಮಸೆಯಬೇಕು, ಆರಿದ ಮೇಲೆ ಅಗುಳು ಬಿರುಸಾಗಿಬಿಡುತ್ತೆ. ಹಾಲು ಹಾಕಿ ಸಡಿಲ ಮಾಡಿ, ಆರಿದ ಮೇಲೆ ಮೊಸರು, ಉಪ್ಪು. ಅಷ್ಟೇ. ಒಗ್ಗರಣೆ ಬೇಡ, ಶುಂಠಿ ಚೂರು ಬೇಡ, ದಾಳಿಂಬೆ ಬೇಡವೇ ಬೇಡ.

ಒಗ್ಗರಣೆ ಬೇಡ ಅಂದರೆ ಮನೆಯವರಿಗೆ ಬೇಜಾರಾಗುತ್ತೆ. ಸಾಸಿವೆ ಇಲ್ಲದೆ ಅಡುಗೆ ಇಳಿಸೋಕೆ ನಮ್ಮವರ ಕೈ ಬರಲ್ಲ. ಆದರೆ ಆ ಸಾಸಿವೆಯೇ ಗುಳಿಯಲ್ಲಿ ಹೋಗಿ ಕೂರೋದು. ಆರನೇ ದಿನ ಸ್ಟಾಫ್ ರೂಮಿನಲ್ಲಿ ಗೆಳತಿಯ ಡಬ್ಬಿಯಿಂದ ಎರಡೇ ಚಮಚ ಮೊಸರನ್ನ ತಿಂದೆ. ಒಂದು ಸಾಸಿವೆ ಒಳಗೆ ಹೋಯಿತು. ನಾಲಿಗೆ ಪದೇ ಪದೇ ಅಲ್ಲಿಗೇ ಹೋಗುತ್ತೆ, ಕಡ್ಡಿ ಹಾಕಿ ತೆಗೆಯೋಣ ಅನಿಸುತ್ತೆ. ಹಾಕಬೇಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಕರಗಿಸಿ ಬಾಯಲ್ಲಿ ತುಂಬಿಕೊಂಡೆ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಉಗಿಯದೆ ಬಾಯಿ ಬಿಟ್ಟು ನೀರನ್ನು ಬೇಸಿನ್ನಿಗೆ ಬೀಳೋಕೆ ಬಿಟ್ಟೆ. ನಾಲ್ಕನೇ ಸಲಕ್ಕೆ ಸಾಸಿವೆ ಬಂತು. ಈ ಉಪ್ಪುನೀರನ್ನು ಎರಡನೇ ದಿನದಿಂದ ಪ್ರತಿ ಊಟ ಆದ ಮೇಲೂ ಮಾಡಬೇಕು. ಮೊದಲ ದಿನ ಮಾತ್ರ ಮಾಡಬಾರದು. ಘಮ ಬೇಕೇ ಬೇಕು ಅಂದರೆ ತುಪ್ಪದಲ್ಲಿ ಇಂಗು, ಕರಿಬೇವು ಹಾಕಿ, ಕರಿಬೇವು ತೆಗೆದು ಆ ತುಪ್ಪ ಮಾತ್ರ ಬೆರೆಸಿ.

ಬರೀ ಗಂಜಿ, ಅನ್ನದಲ್ಲಿ ಗಾಯ ಬೇಗ ಮಾಯಲ್ಲ. ಬೇಳೆ, ಮೊಟ್ಟೆ, ಮೊಸರು ಬೇಕು. ಹೆಸರುಬೇಳೆಯನ್ನು ಕರಗೋ ಹಾಗೆ ಬೇಯಿಸಿ, ಅರಿಶಿನ ಉಪ್ಪು ಹಾಕಿ ಕಡೆದು ಕೊಡಿ. ಮೊಟ್ಟೆಯನ್ನು ಹಾಲು ಹಾಕಿ ಮೆತ್ತಗೆ ಕಲಕಿ ಬೇಯಿಸಿ. ಇಡ್ಲಿಯನ್ನು ಹಾಲಲ್ಲಿ ನೆನೆಸಿದರೆ ಅಗಿಯೋದೇ ಬೇಡ. ಪಚ್ಚಬಾಳೆ ಕಿವುಚಿ ತಿನ್ನಿ. ಟೊಮೆಟೊ ಸಾರು, ನಿಂಬೆಹಣ್ಣು, ಹುಣಸೆಹುಳಿ ಉರಿಯುತ್ತೆ, ಒಂದು ವಾರ ಬಿಡಿ. ಸೋಂಕಿಗೆ ಅಂತ ಮೆಟ್ರೊನಿಡಜೋಲ್ ಮಾತ್ರೆ ಕೊಟ್ಟಿದ್ದರೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿರುತ್ತೆ. ಅಡುಗೆ ಕೆಟ್ಟಿಲ್ಲ, ಮಾತ್ರೆ ಮುಗಿದ ಮೇಲೆ ರುಚಿ ವಾಪಸ್ ಬರುತ್ತೆ.

ನಾಲ್ಕನೇ ದಿನ ನನಗೆ ಮುದ್ದೆ ಸಿಕ್ಕಿತು. ಮುದ್ದೆಯನ್ನು ಅಗಿಯೋದಿಲ್ಲ, ನುಂಗೋದು. ನಮ್ಮ ಕಡೆಯವರಿಗೆ ಇದಕ್ಕಿಂತ ಅನುಕೂಲದ ಊಟ ಬೇರೆ ಇಲ್ಲ. ಮಾಮೂಲಿಗಿಂತ ಸಡಿಲ ಮಾಡಿಸಿ, ಬಿಸಿ ಆರೋಕೆ ಬಿಟ್ಟು, ಕಡಲೆಕಾಳಿನಷ್ಟೇ ಮುರಿದು ತುಪ್ಪದಲ್ಲಿ ಹೊರಳಿಸಿ, ಗಾಯ ಇಲ್ಲದ ಕಡೆಯಿಂದ ನುಂಗಿ. ಉಪ್ಸಾರಿನ ಕಟ್ಟು ಮಾತ್ರ ಹಾಕಿಕೊಳ್ಳಿ, ಖಾರ ಪಕ್ಕಕ್ಕಿಡಿ. ನುಂಗೋಕೆ ನೋವಿದ್ದರೆ ಇನ್ನೆರಡು ದಿನ ತಡೆಯಿರಿ.

ಹೋದ ವರ್ಷ ನಮ್ಮ ಮಾವನವರಿಗೆ ಒಟ್ಟಿಗೆ ಐದು ಹಲ್ಲು ತೆಗೆದರು. ಅವರಿಗೆ ಸಕ್ಕರೆ ಕಾಯಿಲೆ. ಬಾಯಿ ನೋವು ಅಂತ ಊಟ ಬಿಟ್ಟು ಶುಗರ್ ಮಾತ್ರೆ ಮಾತ್ರ ನುಂಗಿದ್ದರು, ಹನ್ನೊಂದು ಗಂಟೆಗೆ ಕೈ ನಡುಗಿ ಬೆವತುಬಿಟ್ಟರು. ನನಗೆ ಇವತ್ತಿಗೂ ಅದು ನೆನಪಾದರೆ ಭಯ ಆಗುತ್ತೆ. ಮನೆಯಲ್ಲಿ ಅಂಥವರಿದ್ದರೆ ಹಲ್ಲು ತೆಗೆಸೋಕೆ ಮೊದಲೇ ಮಾತ್ರೆ, ಇನ್ಸುಲಿನ್ ಬಗ್ಗೆ ಕೇಳಿಕೊಂಡು ಬನ್ನಿ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರೂ ಅಷ್ಟೇ, ಸುಮ್ನೆ ನೀವೇ ನಿಲ್ಲಿಸಬೇಡಿ. ಆಮೇಲೆ ಮಾವನವರಿಗೆ ಎರಡೂವರೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಟ್ಟೆ. ಬೆಲ್ಲ ಇಲ್ಲದ ರಾಗಿ ಅಂಬಲಿ, ಬೇಳೆ ಕಟ್ಟು, ಮೊಟ್ಟೆ.

ಏಳನೇ ದಿನ ಹೊಲಿಗೆ ಬಿಚ್ಚಿದರು. ಆಮೇಲೆ ಉಪ್ಪಿಟ್ಟು, ಮೆತ್ತನೆ ದೋಸೆ, ಹತ್ತನೇ ದಿನಕ್ಕೆ ಚಪಾತಿ. ಚಕ್ಕುಲಿ, ನಿಪ್ಪಟ್ಟು, ಚುರುಮುರಿ, ಹುರಿಗಡಲೆ ನಾನು ಮೂರು ವಾರ ಮುಟ್ಟಲಿಲ್ಲ. ಮದ್ದೂರು ವಡೆ ಕೂಡ.

ನೋವು ದಿನದಿಂದ ದಿನಕ್ಕೆ ಕಮ್ಮಿಯಾಗಬೇಕು. ಮೂರನೇ ದಿನಕ್ಕೆ ಜಾಸ್ತಿಯಾದರೆ, ಜ್ವರ ಬಂದರೆ, ಹತ್ತಿ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಊತ ಕತ್ತಿಗೆ ಇಳಿದು ಎಂಜಲು ನುಂಗೋಕೂ ಕಷ್ಟ ಆದರೆ, ಉಸಿರಾಟಕ್ಕೆ ತೊಂದರೆ ಆದರೆ, ಮಧ್ಯರಾತ್ರಿ ಆಗಿದ್ದರೂ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ.