ಗರಗಸ ಹಿಡಿಯುವ ಮುನ್ನ ಎಳೆದ ಗೆರೆ

ಮೊದಲ ಎಲೆಕ್ಟ್ರಿಕ್ ಗಿಟಾರ್ ಮಾಡಲು ಹೊರಟಾಗ ಬಲ್ಲವರು ಸಿಕ್ಕರೆ ಸಾಕು, ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ಮರ ಒಳ್ಳೆಯದು? ಆಲ್ಡರ್, ಆಶ್, ಮಹಾಗನಿ ಎಂದು ಓದಿ ಓದಿ ತಲೆ ತುಂಬಿಕೊಂಡಿದ್ದೆ. ಎರಡು ಗಿಟಾರ್, ಒಂದು ಬೇಸ್ (ಕೆಳಸ್ವರದ, ನಾಲ್ಕು ತಂತಿಯ ಗಿಟಾರ್) ಮಾಡಿ ಮುಗಿಸಿದ್ದೇನೆ. ಈಗ ಯಾರಾದರೂ ಅದೇ ಪ್ರಶ್ನೆ ಕೇಳಿದರೆ, ಮರದ ಮಾತು ಆಮೇಲಾಗಲಿ, ತಂತಿಗಳನ್ನು ಹೊರುವ ಬ್ರಿಜ್ ಎಲ್ಲಿ ಕೂರಬೇಕೆಂದು ಅಳೆದಿದ್ದೀರಾ ಎಂದು ಕೇಳುತ್ತೇನೆ. ಹೊಸಬರ ಗಿಟಾರ್ ಕೆಡುವುದು ಮರದಿಂದಲ್ಲ, ಒಂದೆರಡು ಮಿಲಿಮೀಟರ್‌ಗಳಿಂದ.

ಆದರೂ ಮರದ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದು ಎಲ್ಲರನ್ನೂ ಕಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಗಾಳಿಯ ಕಂಪನವನ್ನು ಹಿಡಿಯುವುದಿಲ್ಲ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ಉಕ್ಕಿನ ತಂತಿ ಅಲುಗಾಡಿದಾಗ ಕಾಂತಕ್ಷೇತ್ರ ಕದಡಿ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನೈಲಾನ್ ತಂತಿ ಕಟ್ಟಿದರೆ ಆ ಪಿಕಪ್ ಮೂಕ. 1930ರ ದಶಕದ ಆರಂಭದಲ್ಲಿ ಬಂದ ರಿಕನ್‌ಬ್ಯಾಕರ್ ‘ಫ್ರೈಯಿಂಗ್ ಪ್ಯಾನ್’ ಗಿಟಾರನ್ನು ಎರಕದ ಅಲ್ಯೂಮಿನಿಯಂನಲ್ಲಿಯೇ ಮಾಡಿದ್ದರು, ಮರವೇ ಇರಲಿಲ್ಲ. ಮರಕ್ಕೆ ಪಾತ್ರವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಮೊದಲ ಗಿಟಾರಿನ ಒಡಲಿಗೆ, ಅಂದರೆ ಬಾಡಿ ಎನ್ನುವ ಭಾಗಕ್ಕೆ, ಬೇಕಾದದ್ದು ಚೆನ್ನಾಗಿ ಒಣಗಿದ, ನೇರ ಎಳೆಯ, ಹೆಗಲಿಗೆ ಭಾರವಾಗದ, ಉಳಿಗೆ ಒಗ್ಗುವ ಮರ, ಅಷ್ಟೇ. ಇವುಗಳಲ್ಲಿ ‘ಒಣಗಿದ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ನಾನು ತಂದ ಹಲಗೆಯ ಒಂದೇ ಮಗ್ಗುಲನ್ನು ಕೀಸಿ, ಅದನ್ನು ನೆಲದ ಮೇಲೆ ಮಲಗಿಸಿ ಹೋಗಿದ್ದೆ. ಬೆಳಗ್ಗೆ ನೋಡಿದರೆ ತಟ್ಟೆಯ ಹಾಗೆ ಬಾಗಿತ್ತು. ಕೀಸಿದ ಮಗ್ಗುಲು ಗಾಳಿಗೆ ತೆರೆದುಕೊಂಡಿತ್ತು, ಇನ್ನೊಂದು ನೆಲಕ್ಕೆ ಮುಚ್ಚಿಕೊಂಡಿತ್ತು. ಎರಡೂ ಕಡೆ ಸಮನಾಗಿ ಕೀಸಿ, ಅಂಚಿನ ಮೇಲೆ ನಿಲ್ಲಿಸಿ, ಕೆಲವು ದಿನ ಬಿಟ್ಟು ಕೊನೆಯ 45 ಮಿಲಿಮೀಟರ್ ದಪ್ಪಕ್ಕೆ ತರುವುದನ್ನು ಆಮೇಲೆ ರೂಢಿ ಮಾಡಿಕೊಂಡೆ.

ಎರಡನೆಯ ಪ್ರಶ್ನೆ, ಬೆರಳೊತ್ತಿ ನುಡಿಸುವ ಉದ್ದನೆಯ ಕತ್ತನ್ನು, ಅಂದರೆ ನೆಕ್ಕನ್ನೂ ನಾನೇ ಮಾಡಬೇಕೇ? ಮೊದಲ ಸಲ ಬೇಡ. ಸಿದ್ಧ ನೆಕ್ ತಂದು ಬಾಡಿಯನ್ನು ಮಾತ್ರ ಮಾಡಿದ್ದು ನಾನು ತೆಗೆದುಕೊಂಡ ಅತ್ಯುತ್ತಮ ನಿರ್ಧಾರ. ಸಾಮಾನ್ಯ ಹತ್ತರ ಸೆಟ್ಟಿನ (ಅತಿ ತೆಳು ತಂತಿ 0.010 ಇಂಚು ದಪ್ಪ) ಆರು ತಂತಿಗಳು ಶ್ರುತಿಗೆ ಬಂದಾಗ ನೆಕ್ಕನ್ನು ಹೆಚ್ಚುಕಡಿಮೆ 45 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಬೇಸಿನ ನಾಲ್ಕು ತಂತಿಗಳದ್ದು 70 ಕಿಲೋಗೂ ಮೀರುತ್ತದೆ. ಆ ಎಳೆತಕ್ಕೆ ಎದುರಾಗಿ ನೆಕ್ಕಿನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಕೆಲಸ ಮಾಡುತ್ತದೆ. ತಂತಿಯ ಎತ್ತರ ತಗ್ಗಿಸಲು ಅದನ್ನು ತಿರುಗಿಸುವವರು ಬಹಳ. ಅದಿರುವುದು ನೆಕ್ಕಿನ ಬಾಗನ್ನು ಹದಕ್ಕೆ ತರಲು. ನೆಕ್ಕಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟಿಲುಗಳೇ ಫ್ರೆಟ್ಟುಗಳು. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದರೆ ಏಳು, ಎಂಟನೆಯ ಫ್ರೆಟ್ಟಿನ ಬಳಿ 0.2ರಿಂದ 0.3 ಮಿಲಿಮೀಟರ್ ಸಂದು ಕಾಣಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ಇನ್ನು ನಕ್ಷೆ. ದೊಡ್ಡ ಹಾಳೆಯ ಮೇಲೆ ನಿಜ ಅಳತೆಯಲ್ಲಿಯೇ ಬರೆಯಿರಿ. ಮೊದಲು ಒಂದು ನಡುಗೆರೆ, ಉಳಿದದ್ದೆಲ್ಲ ಅದರ ಎಡಬಲ. ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿಯೇ ನಟ್. ನಟ್‌ನಿಂದ ಬ್ರಿಜ್‌ವರೆಗಿನ ದೂರವೇ ಸ್ಕೇಲ್. ಫೆಂಡರ್ ಮಾದರಿಯ ಗಿಟಾರಿಗೆ 25.5 ಇಂಚು, ಅಂದರೆ 648 ಮಿಲಿಮೀಟರ್. ಸಾಮಾನ್ಯ ಬೇಸಿಗೆ 34 ಇಂಚು, 864 ಮಿಲಿಮೀಟರ್. ಮೊದಲ ಫ್ರೆಟ್ಟಿನ ದೂರ ಬೇಕಿದ್ದರೆ ಸ್ಕೇಲನ್ನು 17.817ರಿಂದ ಭಾಗಿಸಬೇಕು: 648ಕ್ಕೆ ಅದು 36.4 ಮಿಲಿಮೀಟರ್ ಆಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಮುಂದಿನ ಫ್ರೆಟ್. ಹೀಗೆ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ನಿಲ್ಲುತ್ತದೆ. ಲೆಕ್ಕ ಹೀಗಿದ್ದರೂ ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಬೇಕು. ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಪೆನ್ಸಿಲ್ ಮೊನೆಯ ದಪ್ಪವೇ ಕೂಡುತ್ತಾ ಕೂಡುತ್ತಾ ಕೊನೆಗೆ ಅಪಶ್ರುತಿಯಾಗುತ್ತದೆ. ವೀಣೆಯ ಮೆಟ್ಟಿಲನ್ನು ಮೇಣದಲ್ಲಿ ಕೂರಿಸಿರುತ್ತಾರೆ, ಬೇಕೆಂದಾಗ ಸರಿಸಿ ಕೂರಿಸಬಹುದು. ಗಿಟಾರಿನ ಫ್ರೆಟ್ಟಿಗೆ ಅಂಥ ಔದಾರ್ಯವಿಲ್ಲ. ಗರಗಸ ಆಡಿದಲ್ಲಿಯೇ ಅದರ ಜಾಗ.

ಸಿದ್ಧ ನೆಕ್ ತಂದಿದ್ದರೆ ಅದರ ಮೇಲೆ ಬರೆದಿರುವ ಸ್ಕೇಲನ್ನು ಹಾಗೆಯೇ ನಂಬಬೇಡಿ. ನಟ್‌ನಿಂದ ಹನ್ನೆರಡನೆಯ ಫ್ರೆಟ್ಟಿನ ನೆತ್ತಿಯವರೆಗೆ ಅಳೆದು ಎರಡರಿಂದ ಗುಣಿಸಿ. ಸಿಕ್ಕ ದೂರಕ್ಕೆ ಅತಿ ತೆಳು ತಂತಿಯ ಸ್ಯಾಡಲ್ (ಬ್ರಿಜ್ಜಿನಲ್ಲಿ ತಂತಿ ಕೂರುವ, ಹಿಂದೆ ಮುಂದೆ ಸರಿಸಬಹುದಾದ ತುಂಡು) ಬರಬೇಕು, ಅದೂ ಸ್ಯಾಡಲನ್ನು ಬಹುಮಟ್ಟಿಗೆ ಮುಂದಕ್ಕೆ ಸರಿಸಿಟ್ಟ ಸ್ಥಿತಿಯಲ್ಲಿ. ಏಕೆಂದರೆ ಫ್ರೆಟ್ಟಿಗೆ ಒತ್ತಿದಾಗ ತಂತಿ ಹಿಗ್ಗಿ ಸ್ವರ ಒಂದಿಷ್ಟು ಏರುತ್ತದೆ. ಅದನ್ನು ಸರಿತೂಗಿಸಲು ಪ್ರತಿ ತಂತಿಯ ಉದ್ದವನ್ನೂ ತುಸು ಹೆಚ್ಚಿಸಬೇಕು, ದಪ್ಪ ತಂತಿಗೆ ಇನ್ನೂ ಹೆಚ್ಚು, ಮೂರು ಮಿಲಿಮೀಟರ್‌ಗೂ ಮೀರಿ. ಹಿಂದಕ್ಕೆ ಸರಿಯಲು ಸ್ಯಾಡಲಿಗೆ ಜಾಗವಿಲ್ಲದಿದ್ದರೆ ಆ ಗಿಟಾರ್ ಎಂದೂ ಶ್ರುತಿಗೆ ಕೂಡುವುದಿಲ್ಲ.

ಬಾಡಿಯ ಅಂಚನ್ನು ರೌಟರ್‌ನಿಂದ ಕತ್ತರಿಸುವಾಗ ನನಗೆ ನಿಜವಾದ ಪೆಟ್ಟು ಬಿತ್ತು. ರೌಟರ್ ಎಂದರೆ ಅಲಗು ತಿರುಗಿ ಮರ ಕೆತ್ತುವ ಯಂತ್ರ. ಬಾಡಿಯಿಂದ ನೆಕ್ಕಿನ ಪಕ್ಕಕ್ಕೆ ಚಾಚುವ ಕೆಳಗಿನ ಕೊಂಬಿನ ತುದಿಯಲ್ಲಿ ಎಳೆ ದಿಕ್ಕು ಬದಲಿಸುತ್ತದೆ. ಅಲ್ಲಿ ರೌಟರಿನ ಅಲಗು ಎಳೆಗೆ ಎದುರಾಗಿ ಕಚ್ಚಿ ಬೆರಳುದ್ದದ ಚಕ್ಕೆಯನ್ನು ಎಬ್ಬಿಸಿ ಎಸೆಯಿತು. ಯಂತ್ರ ನಿಲ್ಲಿಸಿ, ನೆಲದ ಮೇಲೆ ಪುಡಿಯ ನಡುವೆ ಆ ಚಕ್ಕೆಯನ್ನು ಹುಡುಕಿ, ಅಂಟು ಹಚ್ಚಿ, ಅದರ ಜಾಗದಲ್ಲಿಯೇ ಕೂರಿಸಿ ಬಿಗಿದೆ. ಮರುದಿನ ಉಜ್ಜಿದ ಮೇಲೆ ಕಣ್ಣಿಗೆ ಸಿಗುವುದೇ ಕಷ್ಟವಾಯಿತು. ಹಾಗಾಗಿ ಹಾರಿದ ಚಕ್ಕೆಯನ್ನು ಎಂದೂ ಗುಡಿಸಿ ಹಾಕಬೇಡಿ. ಅದಕ್ಕಿಂತ ಮುಖ್ಯವಾಗಿ, ಗರಗಸದಿಂದ ಗೆರೆಗೆ ಒಂದೆರಡು ಮಿಲಿಮೀಟರ್ ಹತ್ತಿರದವರೆಗೆ ಕತ್ತರಿಸಿಕೊಂಡು, ರೌಟರಿಗೆ ಸ್ವಲ್ಪವೇ ಕೆಲಸ ಉಳಿಸಿ. ಕುಳಿ ತೋಡುವಾಗಲೂ ಒಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರ್ ಆಳ ಸಾಕು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇಲ್ಲದೆ ಯಂತ್ರ ಮುಟ್ಟಬೇಡಿ. ರೋಸ್‌ವುಡ್‌ನಂಥ ಮರಗಳ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ.

ನೆಕ್ ಕೂರುವ ಕುಳಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಫೆಂಡರ್ ಮಾದರಿಯಲ್ಲಿ ಅದರ ಆಳ ಸುಮಾರು 16 ಮಿಲಿಮೀಟರ್, ಅಗಲ ಸುಮಾರು 56. ಆದರೆ ಈ ಅಂಕಿಗಳನ್ನು ನಾನು ಬಳಸಲಿಲ್ಲ. ನೆಕ್ಕಿನ ಬುಡವನ್ನೇ ಪ್ಲೈವುಡ್ ಮೇಲೆ ಇಟ್ಟು, ಎರಡೂ ಪಕ್ಕಕ್ಕೆ ನೇರವಾದ ಪಟ್ಟಿಗಳನ್ನು ಒತ್ತಿ ಅಂಟಿಸಿ, ಆ ನೆಕ್ಕಿನದೇ ಅಚ್ಚು ಮಾಡಿಕೊಂಡೆ. ಕುಳಿ ತೋಡಿದ ಮೇಲೆ ತಿರುಪು ಹಾಕದೆ ನೆಕ್ಕನ್ನು ಒತ್ತಿ ಕೂರಿಸಿ, ನೆಕ್ ಹಿಡಿದು ಮೇಲಕ್ಕೆತ್ತಿದೆ. ಬಾಡಿ ಜೊತೆಗೇ ಎದ್ದು ಬಂತು! ಆ ಕ್ಷಣದ ಸಂತೋಷ ಇಂದಿಗೂ ಹಸಿಯಾಗಿದೆ. ಬಣ್ಣ ಬಳಿದರೆ ಕುಳಿ ಮತ್ತೆ ಬಿಗಿಯಾಗುತ್ತದೆ ಎಂಬುದು ನೆನಪಿರಲಿ. ಕುಳಿಯ ಗೋಡೆಗೆ ಬಣ್ಣ ತಾಗದಂತೆ ಮುಚ್ಚಿಯೇ ಬಳಿಯಬೇಕು.

ಬ್ರಿಜ್‌ನ ತೂತು ಕೊರೆಯುವ ಮುನ್ನ ನಾನು ಮಾಡಿದ ಒಂದು ಪರೀಕ್ಷೆ ಆ ಗಿಟಾರನ್ನು ಉಳಿಸಿತು. ನೆಕ್ಕನ್ನು ತಿರುಪಿನಿಂದ ಬಿಗಿದು, ನಟ್‌ನ ಹೊರಗಿನ ಎರಡು ಕಚ್ಚುಗಳಿಂದ ಎರಡು ದಾರಗಳನ್ನು ಎಳೆದು, ಬ್ರಿಜ್ ಬರುವ ಜಾಗದಲ್ಲಿ ಅಂಟುಪಟ್ಟಿಯಿಂದ ಹಿಡಿಸಿದೆ. ಬಾಡಿಯ ನಡುಗೆರೆಯ ಮೇಲೆಯೇ ಬ್ರಿಜ್ ಇಟ್ಟಿದ್ದೆ, ನಕ್ಷೆಯಂತೆ ಎಲ್ಲವೂ ಸರಿಯಿತ್ತು. ಆದರೆ ಕೊನೆಯ ಫ್ರೆಟ್ಟಿನ ಬಳಿ ಬಗ್ಗಿ ನೋಡಿದರೆ ಒಂದು ದಾರ ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗಿತ್ತು, ಇನ್ನೊಂದು ಎರಡೇ. ನೆಕ್ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಬಾಡಿ ಒಂದು ಕಡೆ, ನೆಕ್ ಒಂದು ಕಡೆ, ಎತ್ತು ಏರಿಗೆ ಕೋಣ ನೀರಿಗೆ ಎನ್ನುವಂತೆ. ಬ್ರಿಜ್ಜನ್ನು ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ತಳ್ಳುತ್ತಾ ಎರಡೂ ದಾರಗಳು ಅಂಚಿನಿಂದ ಮೂರು ಮೂರು ಮಿಲಿಮೀಟರ್ ಒಳಗೆ ಬರುವವರೆಗೆ ಕಾದು, ಆಮೇಲೆ ತೂತಿನ ಗುರುತು ಚುಚ್ಚಿದೆ. ಬಾಡಿಯ ಮೇಲೆ ಎಳೆದ ಗೆರೆ ಬರಿಯ ಸಹಾಯಕ. ಕೊನೆಯ ಮಾತು ನೆಕ್ಕಿನ ನಡುಗೆರೆಯದ್ದೇ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಎತ್ತರದ ಟ್ಯೂನ್‌-ಒ-ಮ್ಯಾಟಿಕ್ ಬ್ರಿಜ್ ಇಷ್ಟಪಟ್ಟು ಕೊಂಡವರು ನೆಕ್ಕನ್ನು ಬಾಡಿಗೆ ಸಮತಟ್ಟಾಗಿ ಕೂರಿಸಿದರೆ, ಬ್ರಿಜ್ಜನ್ನು ಪೂರ್ತಿ ಇಳಿಸಿದರೂ ತಂತಿ ಎತ್ತರದಲ್ಲೇ ಉಳಿಯುತ್ತದೆ. ಅದಕ್ಕೆ ನೆಕ್ಕನ್ನು ಕೆಲವು ಡಿಗ್ರಿ ಹಿಂದಕ್ಕೆ ಬಾಗಿಸಬೇಕು. ಮೊದಲ ಗಿಟಾರಿಗೆ ಚಪ್ಪಟೆ ಬ್ರಿಜ್ ಹಾಕಿದರೆ ಈ ತಲೆನೋವೇ ಇಲ್ಲ.

ಎರಡನೆಯ ಗಿಟಾರಿಗೆ ನೆಕ್ಕನ್ನು ನಾನೇ ಮಾಡಿದೆ, ಫ್ರೆಟ್ಟಿನ ಪಾಠ ಅಲ್ಲಿ ಆಯಿತು. ಫ್ರೆಟ್ ತಂತಿಯನ್ನು, ಅದು ಕೂರುವ ನೆಕ್ಕಿನ ಬೋರ್ಡಿನ ಬಾಗಿಗಿಂತ ತುಸು ಹೆಚ್ಚಾಗಿ ಬಗ್ಗಿಸಿ, ಮೊದಲು ಎರಡು ತುದಿ, ಆಮೇಲೆ ನಡು ಎಂದು ಬಡಿದು ಕೂರಿಸಿದೆ. ಸುತ್ತಿಗೆಯ ಸದ್ದೇ ಸುಳಿವು ಕೊಡುತ್ತದೆ: ಪೊಳ್ಳಾಗಿ ಕೇಳುತ್ತಿದ್ದದ್ದು ಫ್ರೆಟ್ ತಳ ಮುಟ್ಟಿದ ಕೂಡಲೇ ಗಟ್ಟಿ ಸದ್ದಾಗುತ್ತದೆ. ಏಳನೆಯದು ಮಾತ್ರ ಎಷ್ಟು ಬಡಿದರೂ ಪೊಳ್ಳಾಗಿಯೇ ಕೇಳುತ್ತಿತ್ತು. ಕಿತ್ತು ನೋಡಿದರೆ ಸೀಳಿನ ತಳದಲ್ಲಿ ಅಂಟು ಬೆರೆತ ಮರದ ಪುಡಿ ಗಟ್ಟಿಯಾಗಿತ್ತು. ಕೆರೆದು ತೆಗೆದ ಮೇಲೆ ಎರಡೇ ಏಟಿಗೆ ಕೂತಿತು.

ಆಮೇಲೆ ಸಮತಟ್ಟು ಮಾಡುವ ಕೆಲಸ. ಎಲ್ಲ ಫ್ರೆಟ್ಟುಗಳ ನೆತ್ತಿಗೂ ಮಾರ್ಕರ್‌ನಿಂದ ಕಪ್ಪು ಬಳಿದು, ಮರಳು ಕಾಗದ ಅಂಟಿಸಿದ ಉದ್ದನೆಯ ನೇರ ಪಟ್ಟಿಯನ್ನು ಕೈಭಾರ ಹಾಕದೆ ಉದ್ದಕ್ಕೂ ಆಡಿಸಿದೆ. ಎತ್ತರದವುಗಳ ಕಪ್ಪು ಮೊದಲು ಹೋಗುತ್ತದೆ, ತಗ್ಗಿನವುಗಳದ್ದು ಉಳಿಯುತ್ತದೆ. ಎಲ್ಲದರ ಮೇಲೂ ಬೆಳ್ಳಿಗೆರೆ ಮೂಡಿದಾಗ ನಿಲ್ಲಿಸಿ, ಮತ್ತೆ ಕಪ್ಪು ಬಳಿದು, ದುಂಡು ಅರದಿಂದ ಎರಡೂ ಇಳಿಜಾರನ್ನು ಉಜ್ಜುತ್ತಾ ಬಂದೆ. ನೆತ್ತಿಯ ಮೇಲೆ ಕಪ್ಪಿನ ಒಂದೇ ಒಂದು ಸಣ್ಣ ದಾರ ಉಳಿಯಬೇಕು. ಅದು ಅಳಿಸಿದರೆ ಎತ್ತರ ಕಳೆದುಕೊಂಡಂತೆ. ಇಪ್ಪತ್ತೆರಡು ಫ್ರೆಟ್ಟುಗಳಿಗೆ ಎರಡು ಸಂಜೆ ಹಿಡಿದವು. ನನಗೆ ಇಡೀ ವಾದ್ಯದಲ್ಲಿ ಇದಕ್ಕಿಂತ ಪ್ರೀತಿಯ ಕೆಲಸ ಇನ್ನೊಂದಿಲ್ಲ.

ನಟ್‌ನ ಕಚ್ಚು ಕೊರೆಯುವಾಗ ಅವಸರ ಬೇಡ. ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿದಾಗ ಮೊದಲ ಫ್ರೆಟ್ಟಿನ ಮೇಲೆ ಒಂದು ಹಾಳೆಯಷ್ಟು ಸಂದು ಇದ್ದರೆ ಸಾಕು. ಒಂದು ಕಚ್ಚನ್ನು ನಾನು ಹೆಚ್ಚು ಇಳಿಸಿದೆ, ಬೆರಳಿಡದೆ ಬಿಟ್ಟ ತಂತಿ ಗರಗರ ಎಂದಿತು. ಹೊಸ ನಟ್ ಮಾಡಬೇಕಾಯಿತು.

ವಿದ್ಯುತ್ ಕೆಲಸಕ್ಕೆ ಹೊಸಬರು ಹೆದರುತ್ತಾರೆ, ಆದರೆ ಎಲ್ಲಕ್ಕಿಂತ ಸುಲಭ ಅದೇ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ 250 ಕಿಲೋಓಮ್ ಪಾಟ್ (ಸದ್ದು ಏರಿಳಿಸುವ ಗುಂಡಿಯ ಕೆಳಗಿನ ರೋಧಕ), ಎರಡು ಸುರುಳಿಯ ಹಂಬಕರ್‌ಗೆ 500. ಬೆಲೆ ಕಡಿಮೆಯಾದಷ್ಟೂ, ಅಂದರೆ ಓಮ್‌ಗಳ ಬೆಲೆ, ನಾದದ ಹೊಳಪು ತಗ್ಗುತ್ತದೆ. ರಟ್ಟಿನ ಮೇಲೆ ಎಲ್ಲವನ್ನೂ ಜೋಡಿಸಿ ಬೆಸುಗೆ ಹಾಕಿ, ಸದ್ದು ಬರುವುದೆಂದು ಖಚಿತವಾದ ಮೇಲೆ ಕುಳಿಗೆ ಇಳಿಸಿ. ಬ್ರಿಜ್ಜಿಗೆ ಹೋಗುವ ಗ್ರೌಂಡ್ ತಂತಿಯ ತೂತನ್ನು ಬಣ್ಣ ಬಳಿಯುವ ಮೊದಲೇ ಕೊರೆದಿರಬೇಕು.

ಬೇಸ್ ಎಂದರೆ ದೊಡ್ಡ ಗಿಟಾರ್ ಅಷ್ಟೇ ಎಂದುಕೊಂಡಿದ್ದೆ. ಹೆಗಲಿಗೆ ಹಾಕಿ ಕೈಬಿಟ್ಟಾಗ ತಲೆ ನೆಲದತ್ತ ಇಳಿಯಿತು. ಉದ್ದನೆಯ ನೆಕ್, ತುದಿಯಲ್ಲಿ ನಾಲ್ಕು ದಪ್ಪ ಬಿರಡೆಗಳು. ಮೇಲಿನ ಕೊಂಬು ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ಬಂದರೆ ಬೇಸ್ ತಾನಾಗಿ ನಿಲ್ಲುತ್ತದೆ. ನಾನು ಅಂದಕ್ಕೆಂದು ಕೊಂಬನ್ನು ಮೊಟಕು ಮಾಡಿದ್ದೆ. ಬಿರಡೆಗಳನ್ನು ಹಗುರದವುಗಳಿಗೆ ಬದಲಾಯಿಸಿದ ಮೇಲೆ ಸಹಿಸುವಷ್ಟಾಯಿತು. ಇನ್ನೊಂದು ಸಂಗತಿ: ಜಿ ತಂತಿಯ ಆರನೆಯ ಫ್ರೆಟ್ಟಿನ ಸ್ವರ ಬೇಗನೆ ಸಾಯುತ್ತಿತ್ತು. ಅದು ಫ್ರೆಟ್ಟಿನ ದೋಷವೆಂದು ಮೂರು ದಿನ ಹುಡುಕಿದೆ. ನೆಕ್ ತಾನೇ ಆ ಕಂಪನಕ್ಕೆ ಒಲಿದು ತಂತಿಯ ಶಕ್ತಿಯನ್ನು ಹೀರಿಕೊಳ್ಳುವುದು ಅದಕ್ಕೆ ಕಾರಣ, ಅನೇಕ ಬೇಸುಗಳಲ್ಲಿ ಇದು ಇದ್ದದ್ದೇ. ತಲೆಗೆ ಒಂದು ಸಣ್ಣ ಕ್ಲಾಂಪ್ ಬಿಗಿದಾಗ ಆ ಸತ್ತ ಜಾಗ ಅರ್ಧ ಸ್ವರ ಕೆಳಗೆ ಸರಿಯಿತು. ಹಾಗೆಯೇ ಒಪ್ಪಿಕೊಂಡು ಕ್ಲಾಂಪ್ ತೆಗೆದಿಟ್ಟೆ.

ಕೊನೆಗೆ ಬೇಸಿನ ಶ್ರುತಿ ಕೂಡಿಸಲು ಕುಳಿತೆ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳು ಸವರಿ ಎಬ್ಬಿಸಿದ ಹಾರ್ಮೋನಿಕ್ ಸ್ವರಕ್ಕೂ ಅಲ್ಲಿಯೇ ಒತ್ತಿ ನುಡಿಸಿದ ಸ್ವರಕ್ಕೂ ವ್ಯತ್ಯಾಸ ಇರಬಾರದು. ಮೂರು ತಂತಿಗಳು ಕೂಡಿದವು. ದಪ್ಪ ಇ ತಂತಿ ಮಾತ್ರ ಒತ್ತಿದಾಗ ಏರುತ್ತಲೇ ಇತ್ತು. ಸ್ಯಾಡಲನ್ನು ಹಿಂದಕ್ಕೆ ಎಳೆಯುತ್ತಾ ಹೋದೆ, ಸ್ಪ್ರಿಂಗ್ ಪೂರ್ತಿ ಅಮುಕಿಕೊಂಡು ನಿಂತಿತು. ತಂತಿ ಸಡಿಲಿಸಿ, ಸ್ಪ್ರಿಂಗನ್ನು ಅರ್ಧಕ್ಕೆ ಕತ್ತರಿಸಿ ಮತ್ತೆ ಹಾಕಿದೆ. ಆಗ ಸಿಕ್ಕ ಜಾಗದಲ್ಲಿ ಸ್ವರ ಕೂಡಿತು. ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲಿ ಬ್ರಿಜ್‌ನ ಗೆರೆಯನ್ನು ಅಳಿಸಿ, ಎರಡು ಮಿಲಿಮೀಟರ್ ಹಿಂದಕ್ಕೆ ಹೊಸದಾಗಿ ಎಳೆದಿಟ್ಟಿದ್ದೇನೆ.